ಕಾಕಾ ರುಚಿ ನೋಡಿದ ಟೆಲಿಫೋನ್ ಲೈನು

ಜಗತ್ತಿನಲ್ಲಿ ಉಳಿದವರೆಲ್ಲ ನಾಲಿಗೆಯನ್ನು ಊಟಕ್ಕೆ, ಮಾತಿಗೆ, ಹೆಚ್ಚೆಂದರೆ ಜಗಳಕ್ಕೆ ಬಳಸುತ್ತಾರೆ. ನಮ್ಮ ಕಾಕಾ ಟೆಲಿಫೋನ್ ರಿಪೇರಿಗೆ ಬಳಸುತ್ತಿದ್ದರು!

ನಂಬುವುದಿಲ್ಲ, ಅಲ್ಲವೇ? ನಾನೂ ನಂಬಿರಲಿಲ್ಲ. ಅವರು ಹೇಳಿದಾಗಲೆಲ್ಲ ಚೇಷ್ಟೆ ಅಂದುಕೊಂಡಿದ್ದೆ. ಕೊನೆಗೆ ಒಂದು ರವಿವಾರ ಬೆಳಿಗ್ಗೆ ಎದುರು ಮನೆಯ ಕಿಟಕಿಯಲ್ಲಿ ನಿಂತು ಕಣ್ಣಾರೆ ನೋಡಿದೆ. ಇಷ್ಟು ವರ್ಷವಾದರೂ ಆ ನೋಟ ನನ್ನನ್ನು ಬಿಟ್ಟಿಲ್ಲ. ಈಗಲೂ ಯಾರಿಗಾದರೂ ಫೋನ್ ಹಚ್ಚಿ ಆ ಕಡೆ ಮೊದಲ ಗಂಟೆ ಬಾರಿಸಿತೋ, ನನ್ನ ಕಣ್ಣು ತಾನಾಗಿ ಹತ್ತಿರದ ಯಾವುದಾದರೂ ಮಾಳಿಗೆಯ ಕಡೆ ಹೋಗುತ್ತದೆ. ಅಲ್ಲಿ ಯಾರೂ ನಿಂತಿಲ್ಲ ಎಂದು ಖಾತ್ರಿಯಾದ ಮೇಲೆಯೇ ‘ಹಲೋ’ ಅನ್ನುತ್ತೇನೆ. ಜನ ನನ್ನನ್ನು ಅರೆಹುಚ್ಚ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ ಬಿಡಿ. ಅವರಾರೂ ಸ್ವಂತ ಕಾಕಾನಿಗೆ ಫೋನಿನ ಮೂಲಕ ಕರೆಂಟು ಕೊಟ್ಟವರಲ್ಲ!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಟೆಲಿಫೋನ್ ಖಾತೆಯಲ್ಲಿ ಲೈನ್‌ಮನ್ ಆಗಿದ್ದರು. ಖಾನಾಪುರದ ಸುತ್ತಲಿನ ಕಂಬಗಳನ್ನು ಹತ್ತಿ ಇಳಿಯುತ್ತಲೇ ತಲೆ ನರೆತು, ನಿವೃತ್ತಿಯಾಗಿ, ಅಲ್ಲೇ ಮನೆ ಮಾಡಿಕೊಂಡಿದ್ದರು. ನಿವೃತ್ತಿಯ ಸುದ್ದಿ ಅವರ ಕೈಕಾಲುಗಳಿಗೆ ಮಾತ್ರ ಮುಟ್ಟಿರಲಿಲ್ಲ. ರೈಲಿನಲ್ಲಿ ಬೆಳಗಾವಿಗೆ ಬರುವಾಗ ಕಿಟಕಿಯ ಪಕ್ಕ ಕುಳಿತು ದೇಸೂರ ಸ್ಟೇಷನ್ ಬರುವವರೆಗೆ ಕಂಬ ಎಣಿಸುತ್ತಿದ್ದರು. ಯಾವುದಾದರೂ ಕಂಬ ವಾಲಿದ್ದು ಕಂಡರೆ ತಾವೂ ಅದೇ ಕಡೆಗೆ ವಾಲುತ್ತಿದ್ದರು. ಬಾಜು ಕುಳಿತವರು ಪಾಪ, ವಯಸ್ಸಾದವರಿಗೆ ತಲೆ ತಿರುಗಿತೆಂದು ನೀರಿನ ಬಾಟಲಿ ಹಿಡಿಯುತ್ತಿದ್ದರು. ಕಾಕಾ ನೀರು ಕುಡಿದು, ಮುಂದಿನ ಕಂಬಕ್ಕೆ ನೆಟ್ಟಗಾಗುತ್ತಿದ್ದರು.

ಇನ್ನು ಫೋನಿನಲ್ಲಿ ಅವರು ಮಾತಾಡುವ ಚಂದವೇ ಬೇರೆ. ‘ಹಲೋ’ ಎಂಬ ಶಬ್ದ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಫೋನ್ ಎತ್ತಿದ ಕೂಡಲೇ, “ಬಂತಾ?” ಅನ್ನುತ್ತಿದ್ದರು. ಧ್ವನಿ ಬಂತಾ ಎಂದರ್ಥ. ಬಂತು ಅಂದರೆ ಮುಗಿಯಿತು, ಇಟ್ಟೇಬಿಡುತ್ತಿದ್ದರು! ಜೀವಮಾನವಿಡೀ ಲೈನು ಪರೀಕ್ಷೆ ಮಾಡಿದ ಮನುಷ್ಯನಿಗೆ ಅದರಾಚೆ ಫೋನಿಗೆ ಇನ್ನೊಂದು ಉಪಯೋಗ ಇರಬಹುದೆಂಬ ಕಲ್ಪನೆಯೇ ಇರಲಿಲ್ಲ. ನಾನು ಬಿ.ಎಸ್ಸಿ. ಫಸ್ಟ್ ಕ್ಲಾಸಿನಲ್ಲಿ ಪಾಸಾದ ದಿನ, ಇಡೀ ವಂಶದಲ್ಲಿ ಮೊದಲ ಪದವೀಧರ ಎಂಬ ಹೆಮ್ಮೆಯಿಂದ ಖಾನಾಪುರಕ್ಕೆ ಫೋನ್ ಹಚ್ಚಿದೆ. “ಕಾಕಾ, ಫಸ್ಟ್ ಕ್ಲಾಸ್ ಬಂತ್ರಿ” ಅಂದೆ. “ಹೌದ, ಬಾಳ ಚಲೋ ಬರಾಕತ್ತೈತಿ” ಅಂದು ಇಟ್ಟುಬಿಟ್ಟರು. ಅವರು ಹೇಳಿದ್ದು ನನ್ನ ಧ್ವನಿಯ ಬಗ್ಗೆ!

ನಾಲಿಗೆಯ ವಿದ್ಯೆ ಅವರಿಗೆ ಬಂದದ್ದು ಕಾಡಿನ ಲೈನುಗಳಲ್ಲಿ. ಮೀಟರು ಇಲ್ಲದಾಗ ತಂತಿಯ ಎರಡು ತುದಿಯನ್ನು ನಾಲಿಗೆಗೆ ತಾಗಿಸಿದರೆ ಲೈನಿನಲ್ಲಿ ಜೀವ ಇದೆಯೋ ಇಲ್ಲವೋ ತಿಳಿಯುತ್ತದಂತೆ. ಜೀವ ಇದ್ದರೆ ಹುಳಿ. ಇಲ್ಲದಿದ್ದರೆ ಬರೀ ತಾಮ್ರ. ಅಷ್ಟಕ್ಕೇ ಬಿಡುವವರಲ್ಲ ಕಾಕಾ. “ಬೆಳಗಾವಿ ಲೈನ್ ಹುಣಸಿಹಣ್ಣಿನ ಹಂಗ. ಖಾನಾಪುರದ್ದು ಕೋಕಂ ಹಂಗ, ಹಿಂದಿಂದ ಒಂದೀಟ ಒಗರು” ಅನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅವರ ಹೆಂಡತಿ, ನಮ್ಮ ಕಾಕು, ಮಾತ್ರ ನಗದೆ, ಅದಕ್ಕೇ ತಾನು ಮಾಡಿದ ಸಾರಿನ ರುಚಿ ಇವರಿಗೆ ಹತ್ತುವುದಿಲ್ಲ ಅನ್ನುತ್ತಿದ್ದರು.

ಇಂಥ ಕಾಕಾನಿಗೆ ಒಬ್ಬಳೇ ಮಗಳು, ನನಗೆ ತಂಗಿ. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ.

ಅವಳು ಚಿಕ್ಕವಳಿದ್ದಾಗ ಕಾಕಾ ಸಂಜೆ ಆರಕ್ಕೆ ಸರಿಯಾಗಿ ತಮ್ಮ ಮನೆಯ ಫೋನಿಗೆ ಒಂದು ಸಲ ಗಂಟೆ ಬಾರಿಸಲು ಎಕ್ಸ್‌ಚೇಂಜಿನ ಗೆಳೆಯರಿಗೆ ಹೇಳಿಟ್ಟಿದ್ದರು. ಹುಡುಗಿ ಮೊದಲೇ ಬಂದು ಫೋನಿನ ಮೇಲೆ ಅಂಗೈ ಇಟ್ಟು ಕಾಯುತ್ತಿದ್ದಳು. ಗಂಟೆಯ ನಡುಕ ಕೈಗೆ ಹತ್ತಿದೊಡನೆ ಅವಳ ಮುಖ ಅರಳುತ್ತಿತ್ತು. ಅವಳಿಗೆ ಟೆಲಿಫೋನು ಅಂದರೆ ಅಷ್ಟೇ. ಮುಂದೆ ಓದಿ, ಕಂಪ್ಯೂಟರ್ ಕಲಿತು, ಪುಣೆಯ ಒಂದು ಛಾಪಖಾನೆಯಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿದಳು. ಅದೇ ಹೊತ್ತಿಗೆ ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಗೆ ಕಂಪ್ಯೂಟರು ಬಂದಿತ್ತು, ಅದರ ಬೆನ್ನಿಗೆ ಮನೆಯ ಫೋನಿನ ತಂತಿಯ ಮೇಲೆಯೇ ಬರುವ ಇಂಟರ್ನೆಟ್ಟು. ವಾರಕ್ಕೊಮ್ಮೆ ಅವಳ ಇ-ಮೇಲ್ ಬರುತ್ತಿತ್ತು. ಅದನ್ನು ಓದಲು ಕಾಕಾ ಪ್ರತಿ ರವಿವಾರ ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದರು.

ಆ ಪತ್ರಗಳ ಭಾಷೆ ಕನ್ನಡ, ಅಕ್ಷರ ಇಂಗ್ಲಿಷು. ಅದೂ ಪೂರ್ತಿ ದೊಡ್ಡಕ್ಷರ. ಯಾಕೆಂದರೆ ಕಾಕಾನಿಗೆ ಕಂಬದ ಮೇಲಿನ ಡಬ್ಬಿಗಳಲ್ಲಿ ಬರೆದಿರುತ್ತಿದ್ದ ದೊಡ್ಡಕ್ಷರಗಳಷ್ಟೇ ಬರುತ್ತಿದ್ದವು. ಹಾಗೆ ಬರೆದರೆ ಇಂಟರ್ನೆಟ್ಟಿನ ಶಿಷ್ಟಾಚಾರದಲ್ಲಿ ಕೂಗಾಡಿದ ಹಾಗೆ ಎಂದು ಯಾರೋ ನನಗೆ ಹೇಳಿದ್ದರು. ಕಾಕಾನಿಗೆ ಅದನ್ನು ದಾಟಿಸಿದೆ. “ಕೂಗ್ಲಿ ಬಿಡು” ಅಂದರು. ಇನ್ನೊಂದು ಮೋಜು: ನಮ್ಮ ವಂಶದಲ್ಲಿ ಶುದ್ಧ ಪುಸ್ತಕದ ಕನ್ನಡ ಬರೆಯುವವಳು ಅವಳೊಬ್ಬಳೇ. ನಮ್ಮ ಮಾತು ಅವಳ ಕಿವಿಗೆ ಬಿದ್ದೇ ಇಲ್ಲವಲ್ಲ!

ಈಗ ಆ ರವಿವಾರದ ಮಾತು. ಎರಡು ವಾರ ಹಿಂದೆ ಅವಳು ರಜೆಗೆ ಬಂದಾಗ ಒಬ್ಬ ಹುಡುಗ ನೋಡಲು ಬಂದಿದ್ದ. ಒಳ್ಳೆಯ ನೌಕರಿ, ಒಳ್ಳೆಯ ಮನೆತನ. ಅವರ ಕಡೆಯವರು ಒಪ್ಪಿ, ಈ ರವಿವಾರ ಸಂಜೆ ನಾಲ್ಕಕ್ಕೆ ಉತ್ತರ ಕೇಳಲು ಖಾನಾಪುರಕ್ಕೆ ಬರುವವರಿದ್ದರು. ಹೂಂ ಅಂದರೆ ಅಲ್ಲೇ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವುದು. ಹುಡುಗಿ, ಯೋಚಿಸಿ ಶನಿವಾರದೊಳಗೆ ಬರೆಯುತ್ತೇನೆ ಎಂದು ಚೀಟಿ ಕೊಟ್ಟು ಪುಣೆಗೆ ಹೋಗಿದ್ದಳು. ತಂದೆ ಹೂಂ ಅಂದರೆ ಮುಗಿಯಿತು, ಅವಳನ್ನೇನು ಕೇಳುವುದು ಎಂದು ಕಾಕು ಸಕ್ಕರೆ ತಂದಿಟ್ಟೇಬಿಟ್ಟಿದ್ದರು. ಆಗ ಕಾಕಾ ಹೇಳಿದ ಮಾತು ನನಗೆ ನೆನಪಿದೆ.

“ಹುಟ್ಟಿದಾಗಿಂದ ಆಕಿ ಮಾತ ಎಲ್ಲಾರೂ ಆಡ್ಯಾರ. ಇದೊಂದ ಆಕೀನ ಆಡ್ಲಿ.”

ಹೀಗೆ ಒಂದು ಹೆಣ್ಣಿನ ಹೂಂ ಅಥವಾ ಊಹೂಂ ಬರಬೇಕಾದದ್ದು ನಮ್ಮ ಮನೆಯ ಕಂಪ್ಯೂಟರಿಗೆ. ಆ ವಾರವೇ, ಬೇರೆ ವಾರ ಸಿಗಲಿಲ್ಲವೆಂಬಂತೆ, ನಾನು ಅದನ್ನು ಕೆಡಿಸಿಟ್ಟೆ!

ನಾನು ಬರೀ ಬಿ.ಎಸ್ಸಿ. ಅಲ್ಲ ಎಂಬುದನ್ನು ಇಲ್ಲಿ ವಿನಯದಿಂದ ತಿಳಿಸಬೇಕು. ಆರು ತಿಂಗಳ ಕಂಪ್ಯೂಟರ್ ಡಿಪ್ಲೊಮಾ ಕೂಡ ಆಗಿತ್ತು. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಮಾನಿಟರಿನ ಮೇಲ್ಗಡೆ ತೂಗುಹಾಕಿದ್ದೆ, ಯಂತ್ರಕ್ಕೂ ತನ್ನ ಯಜಮಾನ ಯಾರೆಂದು ಗೊತ್ತಿರಲಿ ಎಂದು. ರವಿವಾರ ಪೇಟೆ ಎಂಬ ಬಜಾರಿನಲ್ಲಿ ಬೆಲ್ಲದ ವ್ಯಾಪಾರ ಮಾಡುವ ನನ್ನ ಗೆಳೆಯನೊಬ್ಬ ಶುಕ್ರವಾರ ಒಂದು ಸಿ.ಡಿ. ತಂದುಕೊಟ್ಟ. ಅದನ್ನು ಹಾಕಿದರೆ, ಫೋನಿನ ತಂತಿ ಸಿಕ್ಕಿಸುವ ಮೋಡೆಮ್ ಇದ್ದ ಕಂಪ್ಯೂಟರು ತಾನೇ ಫ್ಯಾಕ್ಸ್ ಯಂತ್ರವಾಗುತ್ತದಂತೆ. ನನ್ನಿಂದಾಗುತ್ತದೆಯೇ ಎಂದು ಕೇಳಿದ. ಚೌಕಟ್ಟಿನ ಕೆಳಗೆ ಕುಳಿತವನನ್ನು ಹಾಗೆ ಕೇಳಬಹುದೇ? ಅವನೆದುರೇ ಹಾಕಿದೆ. ಅದು ಪರದೆಯ ಮೇಲೆ ಏನೇನೋ ಕೇಳಿತು. ಎಲ್ಲದಕ್ಕೂ ಎಸ್, ಎಸ್, ನೆಕ್ಸ್ಟ್, ನೆಕ್ಸ್ಟ್ ಒತ್ತಿದೆ. ಓದಲಿಲ್ಲ. ಓದು ಮುಗಿಸಿದವನು ಮತ್ತೆ ಯಾಕೆ ಓದಬೇಕು?

ಶನಿವಾರ ಬೆಳಿಗ್ಗೆ ತಂಗಿಯ ಪತ್ರ ಬಂದಿದೆಯೇ ನೋಡೋಣವೆಂದು ಇಂಟರ್ನೆಟ್ಟಿಗೆ ಹೊರಟರೆ ಸಂಪರ್ಕವೇ ಇಲ್ಲ. ಪರದೆಯ ಮೇಲೆ ಒಂದು ಚಿಕ್ಕ ಚೌಕ ಬಂತು, ಅದರಲ್ಲಿ ಏನೋ ಎರಡು ಸಾಲು. ಓಕೆ ಒತ್ತಿದೆ. ಹೋಯಿತು. ಮತ್ತೆ ಪ್ರಯತ್ನಿಸಿದೆ. ಮತ್ತೆ ಚೌಕ, ಮತ್ತೆ ಓಕೆ. ನೊಣ ಹೊಡೆಯುವವನಂತೆ ಸಂಜೆಯವರೆಗೆ ಚೌಕ ಹೊಡೆದೆ. ನಡುನಡುವೆ ಆರಿಸಿದೆ, ಹಚ್ಚಿದೆ. ಪೆಟ್ಟಿಗೆ ಬಿಚ್ಚಿ ಮೋಡೆಮ್ ತೆಗೆದು, ಉಫ್ ಎಂದು ಊದಿ, ಮತ್ತೆ ಕೂಡಿಸಿದೆ. ಒಂದು ಸ್ಕ್ರೂ ಉಳಿಯಿತು. ಅದನ್ನು ಕಿಸೆಯಲ್ಲಿಟ್ಟೆ. ನನ್ನ ಅವಸ್ಥೆ ನೋಡಲಾಗದೆ ಅವ್ವ ಬಂದು ಮಾನಿಟರಿನ ಹಣೆಗೆ ವಿಭೂತಿ ಹಚ್ಚಿದಳು. ಆ ಎರಡು ದಿನದಲ್ಲಿ ಆ ಯಂತ್ರಕ್ಕೆ ಯಾವ ಹಾನಿಯನ್ನೂ ಮಾಡದ ಚಿಕಿತ್ಸೆ ಅದೊಂದೇ.

ಸೈಬರ್ ಕೆಫೆಗೆ ಹೋಗಿ ನೋಡಬಹುದಿತ್ತಲ್ಲ ಅನ್ನುತ್ತೀರಿ. ಹೋದೆ. ಅಲ್ಲಿ ಪಾಸ್‌ವರ್ಡ್ ಕೇಳಿತು. ಮನೆಯ ಕಂಪ್ಯೂಟರಿನಲ್ಲಿ ಅದನ್ನು ಯಾರಿಗೂ ಸಿಗದಂತೆ ಎಂದೋ ತುಂಬಿಸಿಟ್ಟಿದ್ದೆ. ನನಗೂ ಸಿಗಲಿಲ್ಲ. ಮನೆಗೆ ಬಂದು ನೋಡಿದರೆ ಕಾಣುತ್ತಿದ್ದದ್ದು ಸಾಲಾಗಿ ಎಂಟು ನಕ್ಷತ್ರ ಮಾತ್ರ!

ಇದರ ಜೊತೆಗೆ ಮನೆಯ ಫೋನು ಬೇರೆ ವಿಚಿತ್ರವಾಗಿ ನಡೆದುಕೊಳ್ಳುತ್ತಿತ್ತು. ಎರಡು ಸಲ ಬಾರಿಸಿ ತಾನೇ ನಿಲ್ಲುತ್ತಿತ್ತು. ಅವ್ವ ಓಡಿಹೋಗಿ ಎತ್ತಿದರೆ ಒಳಗೆ ಬರೀ ಕಿರುಚಾಟ. ಶನಿವಾರ ಸಂಜೆ ಖಾನಾಪುರದಿಂದ ಕಾಕು ಫೋನ್ ಹಚ್ಚಿ, ನಮ್ಮ ಮನೆಯಲ್ಲಿ ಯಾರೋ ಚೀರುತ್ತಿದ್ದಾರೆಂದು ಗಾಬರಿಯಾಗಿ ಇಟ್ಟುಬಿಟ್ಟಿದ್ದರು. ನನ್ನ ಡಿಪ್ಲೊಮಾ ಥಟ್ಟನೆ ತೀರ್ಪು ಕೊಟ್ಟಿತು: ದೋಷ ನನ್ನದಲ್ಲ, ಲೈನಿನದು! ಕೂಡಲೇ ಖಾನಾಪುರಕ್ಕೆ ಫೋನ್ ಹಚ್ಚಿ, “ಕಾಕಾ, ಲೈನ್ ಕೆಟ್ಟೈತಿ, ನಾಳೆ ಪಕ್ಕಡ್ ತೊಗೊಂಡ ಬರ್ರಿ” ಅಂದೆ. ಹಾಗೆ ಹೇಳಿದ್ದು ಅದೇ ಲೈನಿನಲ್ಲಿ ಎಂಬುದು ನನಗೆ ಹೊಳೆಯಲಿಲ್ಲ.

ರವಿವಾರ ಹತ್ತಕ್ಕೆಲ್ಲ ಕಾಕಾ ಬಂದರು. ಹೆಗಲಿಗೆ ಹಳೆಯ ಖಾಕಿ ಚೀಲ, ಅದರಲ್ಲಿ ಕಾಲುಚೀಲದೊಳಗೆ ಮಲಗಿಸಿದ, ತಂತಿ ಹಿಡಿದು ತಿರುಚುವ ಪಕ್ಕಡ್. ಚಹಾ ಕೂಡ ಕುಡಿಯದೆ ಕೇಳಿದರು.

“ಕೆಡೂಕಿಂತ ಮದ್ಲ ನೀ ಏನ್ ಮಾಡಿದ್ದಿ?”

ಲೈನ್‌ಮನ್ನರ ಮೊದಲ ಪ್ರಶ್ನೆ ಯಾವಾಗಲೂ ಇದೇ ಅಂತೆ. ಅದಕ್ಕೆ ನಾನು, ಈ ಬರಹವನ್ನೇ ಪ್ರಾಯಶ್ಚಿತ್ತವೆಂದು ತಿಳಿದು ಹೇಳುತ್ತಿದ್ದೇನೆ, “ಏನೂ ಇಲ್ರಿ ಕಾಕಾ” ಅಂದೆ. ಖರೆ ಹೇಳಬೇಕೆಂದರೆ ಆ ಸಿ.ಡಿ.ಯ ನೆನಪು ಆ ಗಳಿಗೆಯಲ್ಲಿ ಒಮ್ಮೆ ಬಂದಿತ್ತು. ನಾನೇ ಅದನ್ನು ಓಕೆ ಒತ್ತಿ ಕಳಿಸಿಬಿಟ್ಟೆ.

ಅವರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಳಿತರು. ನಾನು ಸಂಪರ್ಕಿಸಲು ಹೋದೆ, ಚೌಕ ಬಂತು, ನನ್ನ ಬೆರಳು ಓಡಿತು. “ತಡಿ” ಅಂದರು. ಕಿಸೆಯಿಂದ ಡೈರಿ ತೆಗೆದು ಆ ಚೌಕದೊಳಗಿನ ಎರಡು ಸಾಲನ್ನು ಒಂದೊಂದೇ ಅಕ್ಷರ ನೋಡಿ ಬರೆದುಕೊಳ್ಳತೊಡಗಿದರು. ಸಣ್ಣಕ್ಷರಗಳನ್ನು ಬರೆಯುವುದಕ್ಕಿಂತ ಹೆಚ್ಚಾಗಿ ಚಿತ್ರ ತೆಗೆಯುತ್ತಿದ್ದರು. ಐದು ನಿಮಿಷ ಹಿಡಿಯಿತು. ನನಗೆ ನಗು.

“ಏನಂತೈತಿ ಇದು?”

“ಅದು ಸುಮ್ನ ಬರ್ತೈತ್ರಿ ಕಾಕಾ.”

“ಸುಮ್ನ ಯಾರ್ ಬರೀತಾರ?”

ನಾನು ಉತ್ತರಿಸುವ ಗೋಜಿಗೆ ಹೋಗದೆ ಸಿದ್ಧಾಂತ ಶುರುಮಾಡಿದೆ. ಮಾತಿಗೆ ಸಾಲುವ ಲೈನು ಕಂಪ್ಯೂಟರಿಗೆ ಸಾಲುವುದಿಲ್ಲ, ಅದಕ್ಕೆ ಇನ್ನೂ ಸೂಕ್ಷ್ಮವಾದ ಲೈನು ಬೇಕು, ಮಾಳಿಗೆಯ ಮೇಲಿನ ಜೋಡಣೆ ತುಕ್ಕು ಹಿಡಿದಿರಬೇಕು ಎಂದು ಅರ್ಧ ತಾಸು ಕೊರೆದೆ. ಏಳನೆಯ ಇಯತ್ತೆ ಓದಿದ ಕಾಕಾ, ಪದವೀಧರನ ಮಾತಿಗೆ ಬೆಲೆ ಕೊಟ್ಟು ನಿಚ್ಚಣಿಕೆ ಹತ್ತಿದರು. ಅವರನ್ನು ಅಲ್ಲಿಗೆ ಹತ್ತಿಸಿದವನು ನಾನೇ ಎಂಬುದನ್ನು ದಯವಿಟ್ಟು ಗಮನಿಸಿ. ನಾನು ಪ್ರತಿದಿನ ಗಮನಿಸುತ್ತೇನೆ.

ನಮ್ಮ ಮಾಳಿಗೆಯ ಅಂಚಿಗೆ ಮೊಣಕಾಲೆತ್ತರದ ಮೋಟುಗೋಡೆ. ಅದರ ಮೂಲೆಯಲ್ಲಿ ಒಂದು ಕಬ್ಬಿಣದ ಸರಳು, ಸರಳಿನ ತುದಿಯಲ್ಲಿ ಪಿಂಗಾಣಿ ಬಟ್ಟಲು. ರಸ್ತೆಯ ಕಂಬದಿಂದ ಬಂದ ಫೋನಿನ ತಂತಿ ಅಲ್ಲಿಯೇ ಮನೆಯ ತಂತಿಗೆ ಕೂಡುತ್ತದೆ. ಅದನ್ನು ಮುಟ್ಟಬೇಕಾದರೆ ಮೋಟುಗೋಡೆಯ ಮೇಲೆ ನಿಲ್ಲಬೇಕು. ಎಡಕ್ಕೆ ಒಂದು ಮೊಳ ದೂರದಲ್ಲಿ ಮನೆಗೆ ಬರುವ ಕರೆಂಟಿನ ವಾಯರು. ಕೆಳಗೆ ಕಂಪೌಂಡ್ ಗೋಡೆ, ಅದರ ನೆತ್ತಿಗೆ ಕಳ್ಳರು ಬರದಿರಲೆಂದು ಅಪ್ಪ ತೀರಿಹೋಗುವ ಮುಂಚೆ ಸಿಮೆಂಟಿನಲ್ಲಿ ನೆಡಿಸಿದ ಒಡೆದ ಬಾಟಲಿಯ ಚೂರು. ಕಳ್ಳರು ಎಂದೂ ಬಂದಿರಲಿಲ್ಲ. ಆ ದಿನ ಅವುಗಳ ನೇರ ಮೇಲೆ ಬಂದು ನಿಂತವರು ಅಪ್ಪನ ಸ್ವಂತ ತಮ್ಮ.

ಯೋಜನೆ ನನ್ನದೇ. ಕಾಕಾ ಲೈನು ಬಿಚ್ಚಿ, ಕೆರೆದು, ಹೊಸದಾಗಿ ಜೋಡಿಸುವುದು. ನಾನು ಎದುರು ಮನೆಗೆ ಹೋಗಿ, ಅಲ್ಲಿಂದ ನಮ್ಮ ಮನೆಗೆ ಫೋನ್ ಹಚ್ಚಿ ನೋಡುವುದು. “ಜೋಡಿಸಿ ಕೈ ಎತ್ತತೇನಿ. ಆಮ್ಯಾಲ ಹಚ್ಚು” ಎಂದಿದ್ದರು ಕಾಕಾ. ಕಂಬದ ಮೇಲಿನವನು ಕೈ ಎತ್ತುವ ತನಕ ಕೆಳಗಿನವನು ಏನನ್ನೂ ಮುಟ್ಟಬಾರದು, ಅದು ಅವರ ಕೆಲಸದ ಕಟ್ಟಳೆ.

ಎದುರು ಮನೆಯಲ್ಲಿದ್ದವರು ನಿವೃತ್ತ ಶಿಕ್ಷಕಿ, ಓಣಿಗೆಲ್ಲ ಸಾಲಿ ಅಕ್ಕೋರು. ಅವರ ಫೋನು ಕಿಟಕಿಯ ಪಕ್ಕವೇ ಇತ್ತು. ಅಲ್ಲಿಂದ ನಮ್ಮ ಮಾಳಿಗೆ ಪರದೆಯ ಮೇಲಿನ ಚಿತ್ರದಂತೆ ಕಾಣುತ್ತಿತ್ತು. ಕಾಕಾ ಬಿಸಿಲಿಗೆ ಬೆನ್ನು ಮಾಡಿ ಏನೋ ಕೆರೆಯುತ್ತಿದ್ದರು. ಕಾದೆ. ಕೈ ಎತ್ತಿದರು. ನಂಬರ್ ಒತ್ತಿದೆ.

ಮನುಷ್ಯನು ಬೇರೆ ಕಾರಣಕ್ಕೂ ಕೈ ಎತ್ತಬಲ್ಲ ಎಂಬುದು ನನ್ನ ಯೋಜನೆಯಲ್ಲಿರಲಿಲ್ಲ. ಅವರು ಎತ್ತಿದ್ದು ತಲೆಯ ಹತ್ತಿರ ಬಂದ ಕಾಗೆಯನ್ನು ಓಡಿಸಲು! ಕೊನೆಯ ಅಂಕಿ ಒತ್ತಿ ರಿಸೀವರನ್ನು ಕಿವಿಗಿಟ್ಟು ನೋಡುತ್ತೇನೆ, ಕಾಕಾ ರಸ್ತೆಯ ಕಡೆಯ ತಂತಿಯ ಎರಡು ತುದಿ ಹಿಡಿದು ನಾಲಿಗೆ ಹೊರಗೆ ಚಾಚಿದ್ದಾರೆ.

“ಅಯ್ಯ, ಅವ್ರ ಬಾಯಾಗ ಏನ್ ಹಾಕ್ಕೊಳಾಕತ್ತಾರು?” ಅಂದರು ಅಕ್ಕೋರು.

ನನ್ನ ಕಿವಿಯಲ್ಲಿ ಗಂಟೆ ಬಾರಿಸಿತು.

ಸುಮ್ಮನಿರುವ ಲೈನಿನ ಕರೆಂಟು ನಾಲಿಗೆಗೆ ಹುಳಿ ಅಷ್ಟೇ. ಗಂಟೆ ಬಾರಿಸುವಾಗ ಹರಿಯುವುದು ಅದಕ್ಕಿಂತ ಬಲವಾದದ್ದು. ಇದನ್ನು ನಾನು ಆಮೇಲೆ ತಿಳಿದುಕೊಂಡೆ. ಆಗ ಕಂಡದ್ದು ಇಷ್ಟು: ಕಾಕಾ ಇದ್ದಲ್ಲಿಯೇ ನೆಟ್ಟಗೆ ಜಿಗಿದರು. ತಂತಿ ಒಂದು ಕಡೆ, ಪಕ್ಕಡ್ ಒಂದು ಕಡೆ. ಕಾಲು ಕೆಳಗೆ ಬರುವಾಗ ಬಲಗಾಲಿಗೆ ಗೋಡೆ ಸಿಕ್ಕಿತು, ಎಡಗಾಲಿಗೆ ಗಾಳಿ ಸಿಕ್ಕಿತು. ಮೈ ರಸ್ತೆಯ ಕಡೆ ವಾಲಿತು. ಒಂದು ಕೈ ಕರೆಂಟಿನ ವಾಯರಿನ ಕಡೆಗೇ ಚಾಚಿತು. ಈ ಜಾಗದಲ್ಲಿ ನನ್ನ ನೆನಪು ನಿಂತುಬಿಡುತ್ತದೆ. ಎಷ್ಟು ಸಲ ನೆನೆದರೂ ಆ ಕೈ ಮೊದಲು ಆ ಕಡೆಗೇ ಹೋಗುತ್ತದೆ. ಆಮೇಲೆ ಅದು ಹೇಗೋ ತಿರುಗಿ ಟಿ.ವಿ. ಆಂಟೆನಾದ ಪೈಪನ್ನು ಹಿಡಿಯುತ್ತದೆ. ಪೈಪು ಬಾಗುತ್ತದೆ, ಬಾಗುತ್ತಲೇ ಇರುತ್ತದೆ, ಮುರಿಯುವುದಿಲ್ಲ. ಕಾಕಾ ಅದಕ್ಕೆ ಜೋತು ಅರ್ಧ ವರ್ತುಲ ಸುತ್ತಿ ಮಾಳಿಗೆಯ ಒಳಗೆ ಬೀಳುತ್ತಾರೆ.

ಇಷ್ಟೆಲ್ಲ ಆಗುವಾಗ ಫಸ್ಟ್ ಕ್ಲಾಸ್ ಪದವೀಧರ ಏನು ಮಾಡುತ್ತಿದ್ದ? ರಿಸೀವರ್ ಹಿಡಿದೇ ನಿಂತಿದ್ದ. ಎರಡನೆಯ ಗಂಟೆಯೂ ಬಾರಿಸಿತು!

“ಮದ್ಲ ಫೋನ್ ಇಡೋ” ಎಂದು ಅಕ್ಕೋರೇ ನನ್ನ ಕೈಯಿಂದ ಕಿತ್ತು ಇಟ್ಟರು.

ಬರಿಗಾಲಲ್ಲಿ ರಸ್ತೆ ದಾಟಿದೆ, ನಿಚ್ಚಣಿಕೆ ಹತ್ತಿದೆ. ಕಾಕಾ ನೀರಿನ ಟಾಕಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಮೊಣಕೈ ತರಚಿತ್ತು. ನಾಲಿಗೆ ಹೊರಗಿತ್ತು. ನಾನು ಅವರ ಕಾಲು ಹಿಡಿದುಕೊಂಡೆ. ಅವರು ನಾಲಿಗೆಯನ್ನು ಒಳಗೆಳೆದುಕೊಂಡು, ಎರಡು ಸಲ ಚಪ್ಪರಿಸಿ, ವರದಿ ಒಪ್ಪಿಸಿದರು.

“ಲೈನ್ ಚಲೋ ಐತಿ.”

ಅವ್ವ ಸಕ್ಕರೆ ತಂದು ಅವರ ನಾಲಿಗೆಯ ಮೇಲೆ ಹಾಕಿದಳು. ರುಚಿಯೇ ಹತ್ತುತ್ತಿಲ್ಲ ವೈನಿ ಅಂದರು. ಅವ್ವ ನನ್ನ ಕಡೆ ನೋಡಿದ ನೋಟಕ್ಕೆ ಹೋಲಿಸಿದರೆ ಆ ಕರೆಂಟು ಏನೂ ಅಲ್ಲ. ಗಡಿಯಾರದಲ್ಲಿ ಹನ್ನೊಂದೂವರೆ. ಎರಡರ ಬಸ್ಸು ಹಿಡಿಯದಿದ್ದರೆ ಕಾಕಾ ನಾಲ್ಕಕ್ಕೆ ಖಾನಾಪುರ ಮುಟ್ಟುವಂತಿರಲಿಲ್ಲ. ಅವರಿಲ್ಲದಿದ್ದರೆ ಅಲ್ಲಿ ಕಾಕು ಸಕ್ಕರೆ ಹಂಚಿಬಿಡುತ್ತಿದ್ದರು.

ಕಾಕಾ ಮತ್ತೆ ಎದ್ದರು. ನಾನು ಬೇಡವೆಂದು ಅಂಗಲಾಚಿದರೂ ಮೋಟುಗೋಡೆ ಹತ್ತಿ ತಂತಿ ಜೋಡಿಸಿದರು. ನಾನು ಅವರ ಸೊಂಟವನ್ನು ಎರಡೂ ಕೈಯಿಂದ ಅಪ್ಪಿಕೊಂಡು ಕಣ್ಣು ಮುಚ್ಚಿ ನಿಂತಿದ್ದೆ. ಕೆಳಗಿಳಿದ ಮೇಲೆ, ಅಕ್ಕೋರಿಗೆ ಇನ್ನೊಂದು ಸಲ ಫೋನ್ ಹಚ್ಚಲು ಹೇಳಿ, ತಾವು ನಮ್ಮ ಫೋನಿನ ಮುಂದೆ ನೆಲಕ್ಕೆ ಕುಳಿತರು. ಎರಡು ಸಲ ಬಾರಿಸಿತು. ನಿಂತಿತು.

“ಲೈನ್ ಕೆಟ್ರ ಗಂಟಿ ಬರೂದಿಲ್ಲ” ಅಂದರು ಕಾಕಾ. “ಬಂದದ್ದು ನಿಂತ್ರ, ಯಾರೋ ಎತ್ಯಾರಂತ ಅರ್ಥ. ಯಾರ್ ಎತ್ತಿದ್ರು?”

ಅವ್ವ ತಾನು ಇಲ್ಲೇ ನಿಂತಿದ್ದೇನೆ ಅಂದಳು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಮನೆಯಲ್ಲಿ ನಾವು ಮೂವರೇ. ನಾಲ್ಕನೆಯವರು ಯಾರು? ಅವ್ವನ ಕಣ್ಣು ನಿಧಾನವಾಗಿ ಗೋಡೆಯ ಮೇಲಿನ ಅಪ್ಪನ ಫೋಟೋದ ಕಡೆ ಹೋಯಿತು. ಅವಳು ದೀಪ ಹಚ್ಚಲು ಒಳಗೆ ಹೊರಟಳು.

ಕಾಕಾ ಡೈರಿ ತೆಗೆದು ನನ್ನ ಮುಂದೆ ಹಿಡಿದರು.

“ಈಗರ ಓದು.”

ಓದಿದೆ. ಎರಡು ದಿನದಲ್ಲಿ ಮೊದಲ ಸಲ ಓದಿದೆ. ಸೊಟ್ಟಗೆ ತೆಗೆದ ಆ ಅಕ್ಷರಗಳಲ್ಲಿ ಇದ್ದದ್ದು ಇಷ್ಟೇ: ಬೇರೊಂದು ಪ್ರೋಗ್ರಾಮು ಮೋಡೆಮನ್ನು ಬಳಸುತ್ತಿದೆ. ಅದನ್ನು ಮುಚ್ಚಿ, ಮತ್ತೆ ಪ್ರಯತ್ನಿಸಿ.

ಪಾಪ, ಆ ಯಂತ್ರ ಶನಿವಾರದಿಂದ ನೂರು ಸಲ ಇದನ್ನೇ ಹೇಳಿತ್ತು. ರೋಗ ಹೇಳಿ, ಔಷಧವನ್ನೂ ಹೇಳಿತ್ತು. ನೂರು ಸಲವೂ ನಾನು ಅದರ ಬಾಯಿ ಮುಚ್ಚಿಸಿದ್ದೆ! ಪರದೆಯ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕ, ಅವರೆಕಾಳಿನಷ್ಟು ಚಿಕ್ಕ ಒಂದು ಫ್ಯಾಕ್ಸ್ ಯಂತ್ರದ ಚಿತ್ರ ಕುಳಿತಿತ್ತು. ಫೋನ್ ಬಂದರೆ ನಾನೇ ಎತ್ತಲೇ ಎಂದು ಅದು ಶುಕ್ರವಾರ ಕೇಳಿದ್ದಿರಬೇಕು, ನಾನು ಎಸ್ ಅಂದಿರಬೇಕು. ಅಂದಿನಿಂದ ಮೋಡೆಮನ್ನು ಹಿಡಿದುಕೊಂಡು, ಬಂದ ಪ್ರತಿ ಕರೆಯನ್ನೂ ಎತ್ತಿ, ಕಾಕುವಿನ ಕಿವಿಗೂ ಫ್ಯಾಕ್ಸಿನ ಭಾಷೆಯಲ್ಲಿ ಚೀರಿತ್ತು. ನಾಲ್ಕನೆಯವರು ಅದೇ.

ಸಿ.ಡಿ.ಯ ಕತೆಯನ್ನು ಪೂರ್ತಿ ಒಪ್ಪಿಕೊಂಡೆ. ಬೈಯಲಿ ಎಂದು ಕಾದೆ. ಕಾಕಾ ಬೈಯಲಿಲ್ಲ. ಅದನ್ನು ಮುಚ್ಚಲು ಎಷ್ಟು ಹೊತ್ತು ಬೇಕು ಎಂದಷ್ಟೇ ಕೇಳಿದರು. ಎರಡು ಸಲ ಒತ್ತಿದರೆ ಸಾಕಿತ್ತು.

ಮತ್ತೆ ಸಂಪರ್ಕಿಸಲು ಹೋದೆ. ಈ ಸಲ ಚೌಕ ಬರಲಿಲ್ಲ. ಪೆಟ್ಟಿಗೆಯೊಳಗೆ ಅಂಕಿಗಳು ಟಿಣಿಟಿಣಿ ಅಂದವು, ಆಮೇಲೆ ಮೋಡೆಮ್ ಎಂದಿನಂತೆ ಕೀರಲು ಧ್ವನಿ ತೆಗೆಯಿತು. ಕಾಕಾ ಮುಂದೆ ಬಾಗಿ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟರು. ಧ್ವನಿ ನಿಂತು ಸಂಪರ್ಕ ಸಿಗುವವರೆಗೂ ತೆಗೆಯಲಿಲ್ಲ.

ಒಂದೇ ಪತ್ರ ಬಂದಿತ್ತು. ಎಂದಿನಂತೆ ನಾನು ಓದಿ ಹೇಳಲು ಬಾಯಿ ತೆರೆದೆ. ಕಾಕಾ ಕೈ ಎತ್ತಿದರು. ಈ ಸಲ ಕಾಗೆ ಇರಲಿಲ್ಲ. ಅವರು ಪರದೆಗೆ ಮುಖ ಹಚ್ಚಿ, ದೊಡ್ಡಕ್ಷರಗಳ ಕೆಳಗೆ ಬೆರಳು ಸರಿಸುತ್ತ ಓದಿದರು.

“ಅಪ್ಪಾ, ಹುಡುಗ ಒಳ್ಳೆಯವನು. ಮನೆಯವರೂ ಒಳ್ಳೆಯವರು. ಆದರೆ ಅವನು ಎಲ್ಲವನ್ನೂ ನಿನ್ನನ್ನೇ ಕೇಳಿದನು. ನನಗೆ ಏನು ಇಷ್ಟ ಎಂದು ನಿನ್ನನ್ನು ಕೇಳಿದನು. ನನ್ನ ಹೆಸರನ್ನು ಸಹ ನಿನ್ನನ್ನು ಕೇಳಿದನು. ನಾನು ವಹಿ ಮತ್ತು ಪೆನ್ನು ಹಿಡಿದುಕೊಂಡು ಎದುರಿಗೇ ಕುಳಿತಿದ್ದೆನು. ನನಗೆ ಬೇಡ ಅಪ್ಪಾ.”

ಕಾಕಾ ಎರಡನೆಯ ಸಲ ಓದಿದರು. ಕನ್ನಡಕ ತೆಗೆದು, ಒರೆಸದೆ, ಕೈಯಲ್ಲಿ ಹಿಡಿದು ಕುಳಿತರು.

“ಖರೇ ಐತಿ” ಅಂದರು. “ನನ್ನ ಕೇಳಿದ. ನಾನೂ ಹೇಳಿದೆ.”

ಅವರು ನನ್ನನ್ನು ಏಳಿಸಿ ನನ್ನ ಕುರ್ಚಿಯಲ್ಲಿ ಕುಳಿತರು. ಅದುವರೆಗೆ ಅವರು ಹೇಳುತ್ತಿದ್ದರು, ನಾನು ಬೆರಳಚ್ಚು ಮಾಡುತ್ತಿದ್ದೆ. ಆ ದಿನ ಒಂದೇ ಬೆರಳಿನಲ್ಲಿ, ಪ್ರತಿ ಅಕ್ಷರವನ್ನೂ ಹುಡುಕಿ, ಕೀಲಿಯನ್ನು ಕರೆಂಟು ಇದೆಯೋ ಎಂಬಂತೆ ಮುಟ್ಟಿ ಮುಟ್ಟಿ ತಾವೇ ಒತ್ತಿದರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಪರದೆಯ ಮೇಲೆ ಎರಡೇ ಸಾಲು ಮೂಡಿದವು.

“ನೀ ಹೇಳಿದ್ದು ಬಂದು ಮುಟ್ಟೈತಿ. ಲೈನ್ ಚಲೋ ಐತಿ.”

ಕಳಿಸಿದೆ. ಪತ್ರ ಹೋದ ಕೂಡಲೇ ಒಂದು ಚೌಕ ಬಂತು. ನನ್ನ ಬೆರಳು ಹಳೆಯ ಚಟದಿಂದ ಓಡಿತು, ಅರ್ಧ ದಾರಿಯಲ್ಲಿ ನಾನೇ ಅದನ್ನು ಹಿಡಿದೆ. ಕಾಕಾ ಖಾಕಿ ಚೀಲವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದವರು ನಿಂತರು.

“ಏನಂತೈತಿ?”

ಪೂರ್ತಿ ಓದಿದೆ. “ಕೆಲಸ ಮುಗೀತು, ಸಂಪರ್ಕ ಕಡೀಲೇನು ಅಂತ ಕೇಳಾಕತ್ತೈತ್ರಿ.”

“ಬ್ಯಾಡ ಅನ್ನು” ಅಂದರು ಕಾಕಾ. “ಆಕಿ ಮತ್ತೇನರ ಅನ್ನೂದಿರಬಹುದು.”

ಬೇಡ ಎಂದು ಒತ್ತಿದೆ. ಅವರು ಒಬ್ಬ ತಾಯಿಗೂ ಒಂದು ಮನೆ ತುಂಬ ನೆಂಟರಿಗೂ ಊಹೂಂ ಹೇಳಲು ಬಸ್ ನಿಲ್ದಾಣದ ಕಡೆ ನಡೆದರು. ಆ ಮಧ್ಯಾಹ್ನವೆಲ್ಲ ಖಾನಾಪುರದಿಂದ ಕಾಕು ಫೋನ್ ಹಚ್ಚಿ ಹಚ್ಚಿ ದಣಿದರಂತೆ. ಇಂಟರ್ನೆಟ್ಟಿನ ಸಂಪರ್ಕ ಕಡಿಯದ ನಮ್ಮ ಲೈನಿಗೆ ಬಿಡುವಿರಲಿಲ್ಲ.